ಕುದಾಪುರದಲ್ಲಿ ಹಾರಿಸಿದ ಲೇಸರ್ ರೆಜಿಮೆಂಟ್‌ಗೆ ಯಾಕೆ ಇನ್ನೂ ಹೋಗಿಲ್ಲ?

ಚಳ್ಳಕೆರೆ ಗಾಳಿ:
ಎಲ್ಲರಿಗೂ ನಮಸ್ಕಾರ. ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ರೇಂಜ್, ಅಂದರೆ ಪರೀಕ್ಷಾ ಮೈದಾನ, 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿ ಲಾರಿ ಮೇಲೆ ಕೂರಿಸಿದ ಲೇಸರ್ ಪರೀಕ್ಷೆ ಮಾಡಿದರು. ಆಗಿನ ರಕ್ಷಣಾ ಮಂತ್ರಿ ಅರುಣ್ ಜೇಟ್ಲಿ ಎದುರಲ್ಲೇ ಮಾಡಿದ್ದು. 1 ಕಿಲೋವ್ಯಾಟ್ ಲೇಸರ್, 250 ಮೀಟರ್ ದೂರ. ಲೋಹದ ತಗಡಿಗೆ ತೂತು ಬೀಳಲು 36 ಸೆಕೆಂಡ್ ಬೇಕಾಯಿತು ಎಂದು ಪತ್ರಿಕೆಗಳಲ್ಲಿ ಬಂದಿತ್ತು.

2025ರ ಏಪ್ರಿಲ್ 13ಕ್ಕೆ ಕರ್ನೂಲಿನ ರೇಂಜ್‌ನಲ್ಲಿ 30 ಕಿಲೋವ್ಯಾಟ್ ಲೇಸರ್ ರೆಕ್ಕೆಯ ಡ್ರೋನನ್ನೂ ಡ್ರೋನ್ ಗುಂಪನ್ನೂ ಹೊಡೆಯಿತು. ಆಗಸ್ಟ್‌ನಲ್ಲಿ ಒಡಿಶಾ ಕರಾವಳಿಯಲ್ಲಿ ಎರಡು ಕ್ಷಿಪಣಿ ವ್ಯವಸ್ಥೆಗಳ ಜೊತೆಗೆ ಡಿಆರ್‌ಡಿಒ ಲೇಸರ್ ಕೂಡ ಗುರಿ ಹೊಡೆಯಿತು. ಎಂಟು ವರ್ಷದಲ್ಲಿ ಮೂವತ್ತು ಪಟ್ಟು ಶಕ್ತಿ ಅಂದರೆ ಕಡಿಮೆ ಏನಲ್ಲ. ಆದರೂ ಈ ದೊಡ್ಡ ಲೇಸರ್ ರೆಜಿಮೆಂಟ್‌ಗಳಲ್ಲಿ ಸಾಲಾಗಿ ನಿಂತಿಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುವಾಗ ತಡ ಯಾಕೆ? ಗೊತ್ತಿದ್ದವರು ಹೇಳಿ.

ಬೆಣ್ಣೆ ದೋಸೆ:
ವಿಡಿಯೋ ಬಂತು, ಟಿವಿಯವರು ಕೂಗಾಡಿದರು, ಕೆಲಸ ಮುಗೀತು. 2022ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ ನೋಡಿ. ಡಿಆರ್‌ಡಿಒದ 178 ಯೋಜನೆ ತೆಗೆದು ನೋಡಿದರೆ 119 ಹೇಳಿದ ಟೈಮಿಗೆ ಮುಗಿದಿರಲಿಲ್ಲ. ಇದರಲ್ಲಿ ಕೇಳುವುದೇನಿದೆ?

ಮಸೂರ:
ಬೆಣ್ಣೆ ದೋಸೆಯವರೇ, ಬೈಯುವುದು ಸುಲಭ. ಈ ವಿಷಯದಲ್ಲಿ ಹಣ ಜಾಸ್ತಿ ಇರುವ ದೇಶಗಳೂ ಇದೇ ಕಡೆ ಸಿಕ್ಕಿಕೊಂಡಿವೆ. ನಾನು ಆಪ್ಟಿಕ್ಸ್ ಓದಿದವಳು, ರಕ್ಷಣಾ ಇಲಾಖೆಯವಳಲ್ಲ. ಹಾಗಾಗಿ ಪುಸ್ತಕದಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ.

ಲೇಸರ್ ಗುಂಡಿನ ಹಾಗೆ ಹೋಗಿ ಬಡಿಯುವುದಿಲ್ಲ. ಒಂದೇ ಜಾಗದ ಮೇಲೆ ಕೆಲವು ಸೆಕೆಂಡ್ ಅಲುಗಾಡದೆ ಕೂತು ಸುಡಬೇಕು. ಡ್ರೋನ್ ಹಾರುತ್ತಾ ಇರುತ್ತದೆ, ತಿರುಗುತ್ತಾ ಇರುತ್ತದೆ. ಅದರ ಮೋಟಾರಿನ ಮೇಲೋ ಬ್ಯಾಟರಿಯ ಮೇಲೋ ಚುಕ್ಕೆ ನಿಲ್ಲಬೇಕು. ಆ ಚುಕ್ಕೆ ಎಷ್ಟು ದೊಡ್ಡದು? ಈಗಿನ ಫೈಬರ್ ಲೇಸರ್‌ಗಳ ತರಂಗಾಂತರ ಸುಮಾರು 1 ಮೈಕ್ರಾನ್. 30 ಸೆಂಟಿಮೀಟರ್ ಅಗಲದ ಕನ್ನಡಿಯಿಂದ ಬಿಟ್ಟರೆ 5 ಕಿಲೋಮೀಟರ್ ದೂರದಲ್ಲಿ ಚುಕ್ಕೆ ಸುಮಾರು 4 ಸೆಂಟಿಮೀಟರ್. ಇದು ಗಾಳಿಯೇ ಇಲ್ಲ ಎಂದುಕೊಂಡು ಹಾಕಿದ ಲೆಕ್ಕ. ಬೇಸಿಗೆ ಮಧ್ಯಾಹ್ನ ಹಿರಿಯೂರು ರಸ್ತೆ ಮೇಲೆ ಬಿಸಿಗಾಳಿ ಕುಣಿಯುವುದನ್ನು ನೋಡಿದ್ದೀರಲ್ಲ? ಆ ಗಾಳಿಯೊಳಗೆ ಬೆಳಕು ಚದುರುತ್ತದೆ. ಚುಕ್ಕೆಯ ಅಗಲ ಎರಡು ಪಟ್ಟಾದರೆ ಸುಡುವ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಲೇ ಭಾಗ!

ಇನ್ನೊಂದು ತಾಪತ್ರಯ ಇದೆ. ಶಕ್ತಿ ಹೆಚ್ಚಿಸುತ್ತಾ ಹೋದರೆ ಕಿರಣವೇ ತನ್ನ ದಾರಿಯ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಕಿರಣವನ್ನೇ ಹರಡಿಸುತ್ತದೆ. ಅಂದರೆ 30 ಕಿಲೋವ್ಯಾಟ್ ಬದಲು 300 ಹಾಕಿದರೆ ಹತ್ತು ಪಟ್ಟು ಕೆಲಸ ಆಗುತ್ತದೆ ಎಂಬ ನಂಬಿಕೆ ಬೇಡ. ಮಂಜು, ಮಳೆ, ಧೂಳು ಇದ್ದರಂತೂ ಮುಗಿಯಿತು.

ಚಳ್ಳಕೆರೆ ಗಾಳಿ:
ಮೇಡಂ, ಅರ್ಥ ಆಯಿತು. ಹಾಗಾದರೆ ಆಪ್ಟಿಕ್ಸೇ ಅಡ್ಡಿ ಅಂತೀರಾ?

ಮಸೂರ:
ಅದು ಅರ್ಧ ಅಡ್ಡಿ. ಆಕಾಶ ತಿಳಿಯಾಗಿದ್ದ ದಿನ ಡ್ರೋನ್ ಬಿತ್ತು ಎಂಬುದು ಸಾಬೀತಾಗಿದೆ. ಅದರ ಮೇಲೆ ನನಗೆ ಅನುಮಾನ ಇಲ್ಲ. ಉಳಿದರ್ಧ ಲಾರಿಯೊಳಗಿದೆ. ವಿದ್ಯುತ್ತು, ಬಿಸಿ, ರಿಪೇರಿ.

ಹರಿಹರದ ಲೇತು:
ಆ ಅರ್ಧ ನನಗೆ ಬಿಡಿ. ಫೈಬರ್ ಲೇಸರ್ ಕಟಿಂಗ್ ಮೆಷಿನ್ ನಮ್ಮ ಶೆಡ್‌ನಲ್ಲೇ ಇದೆ. ಚಿಕ್ಕದು, ತಗಡು ಕತ್ತರಿಸುವುದಕ್ಕೆ. ಇಂಥ ಲೇಸರ್‌ಗೆ ನೀವು ಕೊಟ್ಟ ಕರೆಂಟಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬೆಳಕಾಗುತ್ತದೆ. ಉಳಿದದ್ದು ಬಿಸಿ. ಹಾಗಾಗಿ 30 ಕಿಲೋವ್ಯಾಟ್ ಬೆಳಕಿಗೆ 90 ಕಿಲೋವ್ಯಾಟ್ ಕರೆಂಟ್ ಬೇಕು. ನಮ್ಮ ಕಡೆಯ ಲೆಕ್ಕದಲ್ಲಿ 7.5 ಎಚ್‌ಪಿಯ ಹದಿನಾರು ಪಂಪ್‌ಸೆಟ್ ಒಟ್ಟಿಗೆ ಚಾಲೂ ಮಾಡಿದ ಹಾಗೆ. ಅದೂ ಅಧಿಕಾರಿ ಬಟನ್ ಒತ್ತಿದ ತಕ್ಷಣ. ಆಮೇಲೆ 60 ಕಿಲೋವ್ಯಾಟ್ ಬಿಸಿಯನ್ನು ಹೊರಗೆ ಹಾಕಬೇಕು. ಅದಕ್ಕೆ ಚಿಲ್ಲರ್, ಅಂದರೆ ನೀರು ತಣ್ಣಗೆ ಮಾಡುವ ಯಂತ್ರ. ಚಿಲ್ಲರ್‌ಗೆ ಬೇರೆ ಕರೆಂಟ್. ಅದಕ್ಕೆ ಜನರೇಟರ್. ಜನರೇಟರ್‌ಗೆ ಡೀಸೆಲ್. ಇವೆಲ್ಲ ಲಾರಿ ಮೇಲೆ, ರಾಜಸ್ಥಾನದ ಬಿಸಿಲಲ್ಲಿ.

ನಮ್ಮ ಮೆಷಿನ್ ಸಮತಟ್ಟು ನೆಲದ ಮೇಲೆ ನೆರಳಲ್ಲಿ ನಿಂತಿದೆ. ಅಷ್ಟಾದರೂ ಬೇಸಿಗೆಯಲ್ಲಿ ಚಿಲ್ಲರ್ ಅಲಾರಂ ಹೊಡೆಯುತ್ತದೆ. ತುದಿಯ ರಕ್ಷಣೆಯ ಗಾಜಿನ ಮೇಲೆ ಒಂದು ಧೂಳಿನ ಕಣ ಕೂತರೆ ಸಾಕು, ಅದು ಅಲ್ಲೇ ಸುಟ್ಟು ಗಾಜಿಗೆ ಕಲೆ ಬೀಳುತ್ತದೆ. ಆಮೇಲೆ ಕಲೆ ಬಿದ್ದ ಜಾಗವೇ ಬಿಸಿಯಾಗಿ ಗಾಜು ಹೋಗುತ್ತದೆ. ಹುಡುಗರಿಗೆ ಗಾಜು ಬದಲಿಸುವಾಗ ಫ್ಯಾನ್ ಆಫ್ ಮಾಡಿ ಎಂದು ದಿನಾ ಹೇಳಬೇಕು. ಗಡಿಯಲ್ಲಿ ಮರಳುಗಾಳಿಗೆ ಆಫ್ ಬಟನ್ ಎಲ್ಲಿದೆ?

ಬೆಣ್ಣೆ ದೋಸೆ:
ಹಾರಿಸುವ ಖರ್ಚು ಎರಡು ಲೀಟರ್ ಪೆಟ್ರೋಲ್ ಅಷ್ಟೇ ಎಂದು ಸರ್ಕಾರವೇ ಹೇಳಿತ್ತಲ್ಲ?

ಹರಿಹರದ ಲೇತು:
ಹೇಳಿದರು. ಕೆಲವು ಸೆಕೆಂಡ್ ಹಾರಿಸಲು ಒಂದೆರಡು ಲೀಟರ್ ಪೆಟ್ರೋಲ್ ಬೆಲೆ ಎಂದು. ಬ್ರಿಟನ್‌ನವರೂ ತಮ್ಮ ಡ್ರ್ಯಾಗನ್‌ಫೈರ್ ಲೇಸರ್‌ಗೆ ಒಂದು ಸಲಕ್ಕೆ 10 ಪೌಂಡ್ ಅಂತಾರೆ. ಸುಳ್ಳಲ್ಲ. ಆದರೆ ನಾನು ಗಿರಾಕಿಗೆ ಬಿಲ್ ಬರೆಯುವಾಗ ಕರೆಂಟ್ ಚಾರ್ಜ್ ಮಾತ್ರ ಬರೆಯುತ್ತೇನಾ? ಮೆಷಿನ್ ಸಾಲ, ಗಾಜು, ಚಿಲ್ಲರ್ ಸರ್ವಿಸ್, ಆಪರೇಟರ್ ಸಂಬಳ ಎಲ್ಲ ಸೇರಿಸಬೇಕು. ವರ್ಷಕ್ಕೆ ನಾಲ್ಕು ಸಲ ಹಾರಿಸುವ ಲೇಸರ್‌ನ ಒಂದು ಹೊಡೆತ ಪೆಟ್ರೋಲ್ ಬೆಲೆಗೆ ಬರುವುದಿಲ್ಲ. ರಾತ್ರಿಯಿಡೀ ಡ್ರೋನ್ ಬರುವ ಕಡೆ ಇಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ.

ಎಲ್ ಎಪ್ಪತ್ತು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಏರ್ ಡಿಫೆನ್ಸ್‌ನಲ್ಲಿ ಇದ್ದವನು, ಈಗ ನಿವೃತ್ತಿ, ಊರು ಹೊಸದುರ್ಗ. ಗುಟ್ಟಿನ ವಿಷಯ ಏನೂ ಬರೆಯುವುದಿಲ್ಲ, ಯಾರೂ ಕೇಳಬೇಡಿ.

ಎಲ್-70 ಅಂದರೆ ಬೊಫೋರ್ಸ್ ಮೂಲದ 40 ಎಂಎಂ ತೋಪು. ಬಹಳ ಹಳೇ ವಿನ್ಯಾಸ, ಆಮೇಲೆ ಎಲೆಕ್ಟ್ರಾನಿಕ್ಸ್ ಹೊಸದು ಹಾಕಿದ್ದಾರೆ. 2025ರ ಮೇ 8ರ ರಾತ್ರಿ ಪಾಕಿಸ್ತಾನ 300ರಿಂದ 400 ಡ್ರೋನ್ ಕಳಿಸಿತು ಎಂದು ಮರುದಿನ ಸೇನೆಯೇ ಹೇಳಿತು. ಆ ದಿನಗಳಲ್ಲಿ ಈ ಮುದಿ ತೋಪೂ ಚೆನ್ನಾಗಿ ಕೆಲಸ ಮಾಡಿತು. ಯಾಕೆ ಮಾಡಿತು ಎಂದು ಯೋಚಿಸಿ. ಬ್ಯಾರಲ್ ಬಿಸಿಯಾದರೆ ಬೇರೆ ಬ್ಯಾರಲ್ ಇರುತ್ತದೆ. ಕತ್ತಲಲ್ಲೂ ಅದನ್ನು ಬದಲಿಸುವ ಹುಡುಗರು ಇರುತ್ತಾರೆ. ಆ ಹುಡುಗರಿಗೆ ಕಲಿಸಿದ ಉಸ್ತಾದ್ ಇರುತ್ತಾನೆ. ಉಸ್ತಾದ್‌ಗೆ ಕಲಿಸಿದ ಶಾಲೆ ಇದೆ. ಕೆಟ್ಟರೆ ಸೈನ್ಯದ ರಿಪೇರಿ ವಿಭಾಗ ಈಎಂಇಯ ವರ್ಕ್‌ಶಾಪ್ ಇದೆ. ಬಿಡಿಭಾಗಕ್ಕೆ ನಂಬರ್ ಇದೆ, ಆ ನಂಬರ್ ಬರೆದು ಇಂಡೆಂಟ್ ಹಾಕಿದರೆ ಇವತ್ತಲ್ಲ ನಾಳೆ ಬರುತ್ತದೆ. ಇಷ್ಟೂ ಸೇರಿದರೆ ಅದು ಆಯುಧ. ತೋಪು ಒಂದೇ ಅಲ್ಲ.

ಲೇಸರ್‌ಗೆ ಇದರಲ್ಲಿ ಏನಿದೆ? ಪರೀಕ್ಷೆಯ ದಿನ ಪಕ್ಕದಲ್ಲಿ ಅದನ್ನು ಕಟ್ಟಿದ ವಿಜ್ಞಾನಿಗಳೇ ನಿಂತಿರುತ್ತಾರೆ. ಕನ್ನಡಿ ಕೂದಲೆಳೆಯಷ್ಟು ಸರಿದರೂ ಅವರಿಗೆ ಗೊತ್ತಾಗುತ್ತದೆ. ಹಳ್ಳಕೊಳ್ಳದ ದಾರಿಯಲ್ಲಿ ಇಡೀ ದಿನ ಲಾರಿ ಓಡಿಸಿ, ರಾತ್ರಿ ಇಳಿಸಿ, ಒಬ್ಬ ಹವಾಲ್ದಾರ್ ಮತ್ತು ನಾಲ್ಕು ಹುಡುಗರು ಮಾತ್ರ ಇದ್ದಾಗ ಅದು ಹಾರಬೇಕು. ಅಲ್ಲಿ ಪಿಎಚ್‌ಡಿ ಮಾಡಿದವರು ಇರುವುದಿಲ್ಲ.

ಇನ್ನೊಂದು. ಗುಂಡು ತಪ್ಪಿದರೆ ಎಲ್ಲೋ ಒಂದು ಕಡೆ ಬೀಳುತ್ತದೆ. ಬೆಳಕು ತಪ್ಪಿದರೆ ಮುಂದೆ ಹೋಗುತ್ತಲೇ ಇರುತ್ತದೆ. ಮೇಲೆ ನಮ್ಮದೇ ಹೆಲಿಕಾಪ್ಟರ್ ಇದ್ದರೆ? ಪೈಲಟ್ ಕಣ್ಣಿಗೆ ಬಿದ್ದರೆ? ಅಮೆರಿಕದಲ್ಲಿ ಉಪಗ್ರಹಗಳಿಗೆ ತಗುಲದಂತೆ ನೋಡಿಕೊಳ್ಳಲು ಲೇಸರ್ ಕ್ಲಿಯರಿಂಗ್‌ಹೌಸ್ ಎಂಬ ವ್ಯವಸ್ಥೆಯೇ ಇದೆ. ಹಾರಿಸು ಎಂದು ಯಾರು ಹೇಳಬೇಕು, ಎಷ್ಟು ಕೋನದಲ್ಲಿ ಹಾರಿಸಬಾರದು, ಪಕ್ಕದ ಘಟಕಕ್ಕೆ ಮುಂಚೆಯೇ ಹೇಗೆ ತಿಳಿಸಬೇಕು ಎಂದು ಪುಸ್ತಕ ಬರೆಯಬೇಕು. ಆ ಪುಸ್ತಕ ಬರೆಯುವುದಕ್ಕೂ ವರ್ಷಗಳು ಬೇಕು. ಯಾವ ಟಿವಿಯವರೂ ಅದನ್ನು ತೋರಿಸುವುದಿಲ್ಲ.

ಮಸೂರ:
ಸಾಹೇಬ್ರೇ, ಕಣ್ಣಿನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಈ 1 ಮೈಕ್ರಾನ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಹಿಂಪರದೆಯವರೆಗೂ ಹೋಗುತ್ತದೆ. ಹಾಗಾಗಿ ಮಿಟುಕಿಸುವ ಮುಂಚೆಯೇ ಹಾನಿ ಆಗಬಹುದು. ಹೊಳೆಯುವ ಲೋಹದಿಂದ ಚಿಮ್ಮಿ ಬಂದದ್ದೂ ಅಪಾಯವೇ. ಮನುಷ್ಯರನ್ನು ಕುರುಡು ಮಾಡಲೆಂದೇ ಮಾಡಿದ ಲೇಸರ್ ಆಯುಧವನ್ನು 1995ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ, ಭಾರತವೂ ಅದರಲ್ಲಿ ಇದೆ. ಡ್ರೋನ್ ಸುಡುವುದಕ್ಕೆ ನಿಷೇಧ ಇಲ್ಲ. ಆದರೆ ಕೆಳಗಿರುವವರ ಕಣ್ಣು ಕಾಯುವ ಜವಾಬ್ದಾರಿ ಹಾರಿಸುವವರದ್ದೇ.

ಕಾವಲಿನವ:
ನಾನು ಉಳ್ಳಾರ್ತಿ ಕಡೆಯವನು. ಒಂದು ಮಾತು. ಟಿವಿಯಲ್ಲಿ ನಮ್ಮ ಕಡೆಯ ರೇಂಜ್ ಬಗ್ಗೆ ಬಂದಾಗೆಲ್ಲ ಖಾಲಿ ಜಾಗ, ಬಂಜರು ಜಾಗ ಅಂತಾರೆ. ಅದು ಅಮೃತ್ ಮಹಲ್ ಕಾವಲು. ದನ ಕುರಿ ಮೇಯುವ ಹುಲ್ಲುಗಾವಲು. ಡಿಆರ್‌ಡಿಒಗೆ ಹೋದದ್ದೇ 4,000 ಎಕರೆಗಿಂತ ಜಾಸ್ತಿ. ಐಐಎಸ್‌ಸಿ, ಇಸ್ರೋ, ಅಣು ಸಂಶೋಧನೆಯ ಬಿಎಆರ್‌ಸಿಗೆ ಹೋದದ್ದು ಬೇರೆ. ಸುತ್ತ ಗೋಡೆ ಎದ್ದಿತು, ಹಸಿರು ನ್ಯಾಯಮಂಡಳಿಯವರೆಗೂ ಕೇಸ್ ಹೋಯಿತು. ಕುರಿ ಇದ್ದವರಿಗೆ ಮೇವು ಹೋಯಿತು, ಕಂಬಳಿ ನೇಯುವವರಿಗೆ ಉಣ್ಣೆ ದುಬಾರಿ ಆಯಿತು. ದೇಶಕ್ಕೆ ಬೇಕು ಅಂದರು, ಸರಿ.

2023ರ ಆಗಸ್ಟ್‌ನಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹೊಲದಲ್ಲಿ ಬಿತ್ತು. 2019ರಲ್ಲಿ ಜೋಡಿಚಿಕ್ಕೇನಹಳ್ಳಿ ತೋಟದ ಹತ್ತಿರ ಇನ್ನೊಂದು ಬಿದ್ದಿತ್ತು. ಪರೀಕ್ಷೆ ಅಂದಮೇಲೆ ಬೀಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಮೇಡಂ ಹೇಳಿದ ಹಾಗೆ ಕಣ್ಣಿಗೆ ಕಾಣದ ಬೆಳಕು ಅಂದರೆ ನಾಳೆ ದೊಡ್ಡ ಲೇಸರ್ ನಮ್ಮ ಕಡೆಯೇ ತಂದು ಧೂಳಲ್ಲಿ ಪರೀಕ್ಷೆ ಮಾಡುತ್ತಾರಾ? ಮಾಡುವುದಾದರೆ ಪಂಚಾಯ್ತಿಗೆ ಮುಂಚೆ ಹೇಳಲಿ. ಯಾವ ದಿನ, ಯಾವ ದಿಕ್ಕು. ಇಷ್ಟೇ ನಾನು ಕೇಳುವುದು.

ಎಲ್ ಎಪ್ಪತ್ತು:
ಕಾವಲಿನವರೇ, ನಿಮ್ಮ ಮಾತು ನ್ಯಾಯವಾದದ್ದು. ತೋಪಿನ ಫೈರಿಂಗ್ ರೇಂಜ್‌ಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ ತಿಳಿಸಿ, ಕೆಂಪು ಬಾವುಟ ಏರಿಸುವ ಕ್ರಮ ಇದೆ. ಬೆಳಕಿಗೂ ಅದೇ ಬೇಕು.

ಧೂಳಿನ ಪರೀಕ್ಷೆ ಮಾತ್ರ ಎಲ್ಲಾದರೂ ಮಾಡಲೇಬೇಕು. ಅಮೆರಿಕನ್ನರು ಸ್ಟ್ರೈಕರ್ ಗಾಡಿ ಮೇಲೆ 50 ಕಿಲೋವ್ಯಾಟ್ ಲೇಸರ್ ಕೂರಿಸಿ, 2024ರಲ್ಲಿ ನಾಲ್ಕನ್ನು ಪಶ್ಚಿಮ ಏಷ್ಯಾಕ್ಕೆ ಕಳಿಸಿದರು. ಸೈನಿಕರ ಕೈಗೇ ಕೊಟ್ಟರು. ಆಮೇಲೆ ಅವರ ಭೂಸೇನೆಯ ಖರೀದಿ ಮುಖ್ಯಸ್ಥರೇ ಸೆನೆಟ್ ಸಮಿತಿ ಮುಂದೆ ಲ್ಯಾಬ್‌ನಲ್ಲಿ ಬಂದ ಫಲಿತಾಂಶಕ್ಕೂ ಅಲ್ಲಿ ಬಂದದ್ದಕ್ಕೂ ಬಹಳ ಅಂತರ ಇದೆ ಎಂದರು. ನನಗೆ ಅದು ಸೋಲು ಅನ್ನಿಸಲಿಲ್ಲ. ಅಲ್ಲಿಗೆ ಕಳಿಸಿದ್ದೇ ಆ ಅಂತರ ತಿಳಿಯಲು.

ಟೆಂಡರ್ ತಮ್ಮಣ್ಣ:
ನಾನು ಸರ್ಕಾರಿ ಸಪ್ಲೈ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ನೀವೆಲ್ಲ ಯಂತ್ರದ ಕಥೆ ಹೇಳಿದಿರಿ, ನಾನು ಕಾಗದದ ಕಥೆ ಹೇಳುತ್ತೇನೆ. ಪರೀಕ್ಷೆ ಗೆದ್ದ ಮರುದಿನ ಸೈನ್ಯ ಚೆಕ್ ಬರೆಯುವುದಿಲ್ಲ. ಮೊದಲು ಸೈನ್ಯ ತನಗೆ ಏನು ಬೇಕು ಎಂದು ಗುಣಲಕ್ಷಣ ಬರೆಯಬೇಕು. ಆಮೇಲೆ ಅಗತ್ಯ ಇದೆ ಎಂಬ ಒಪ್ಪಿಗೆ, ಅದನ್ನೇ ಎಒಎನ್ ಅಂತಾರೆ. ಆಮೇಲೆ ಕಂಪನಿಗಳಿಂದ ಪ್ರಸ್ತಾವ ಕೇಳುವ ಆರ್‌ಎಫ್‌ಪಿ, ಬಯಲಿನ ಪರೀಕ್ಷೆ, ಬೆಲೆ ಮಾತುಕತೆ, ಕೊನೆಗೆ ಒಪ್ಪಂದ. ಪ್ರತಿ ಡಬ್ಬಿಯೂ ಜೆಎಸ್‌ಎಸ್ 55555 ಎಂಬ ಸೈನ್ಯದ ಗುಣಮಟ್ಟದ ಪರೀಕ್ಷೆ ದಾಟಬೇಕು. ಅಲುಗಾಟ, ಗುದ್ದಾಟ, ಮಳೆ, ಧೂಳು, ಉಪ್ಪುಗಾಳಿ, ಬೂಸ್ಟು ಎಲ್ಲ. ಕಾಲೇಜಿನ ಬೆಂಚಿನ ಮೇಲೆ ಓಡಿದ ಸರ್ಕ್ಯೂಟ್ ಈ ಪಟ್ಟಿ ನೋಡಿದರೆ ಅಳುತ್ತದೆ.

ದೊಡ್ಡ ಜಗಳ ಇರುವುದು ಮೊದಲ ಸಾಲಿನಲ್ಲೇ. ಸೈನ್ಯ 5 ಕಿಲೋಮೀಟರ್ ಎಂದು ಬರೆಯಿತು ಅಂದುಕೊಳ್ಳಿ. ಲ್ಯಾಬ್‌ನವರು ತಿಳಿ ಆಕಾಶದಲ್ಲಿ 5 ಎಂದು ಓದುತ್ತಾರೆ. ಸೈನ್ಯ ಜೂನ್ ತಿಂಗಳ ಧೂಳಲ್ಲಿ 5 ಎಂದು ಓದುತ್ತದೆ. ಮೂರು ವರ್ಷ ಕಳೆದ ಮೇಲೆ ಪರೀಕ್ಷೆಯ ದಿನ ಇಬ್ಬರೂ ಮುಖ ಮುಖ ನೋಡುತ್ತಾರೆ. ಅರ್ಜುನ್ ಟ್ಯಾಂಕ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1974ರಲ್ಲಿ, ಸೈನ್ಯಕ್ಕೆ ಸೇರಿದ್ದು 2004ರಲ್ಲಿ. ನಡುವೆ ಬೇಕು ಅಂದದ್ದೇ ಬದಲಾಗುತ್ತಾ ಹೋಯಿತು.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು 2023ರಲ್ಲಿ ಇದೇ ಆಯುಧಗಳ ಮೇಲೆ ವರದಿ ಬರೆದರು. ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಸಂಶೋಧನೆಗೆ ಹೋಗುತ್ತಿದೆ, ಆದರೆ ಲ್ಯಾಬ್‌ನಿಂದ ಸೈನ್ಯಕ್ಕೆ ದಾಟಿಸುವ ಯೋಜನೆ ಎಲ್ಲ ಕಡೆ ಸರಿಯಾಗಿಲ್ಲ ಎಂಬುದು ಅದರ ಸಾರ. ಲ್ಯಾಬ್ ದುಡ್ಡು ಮುಗಿಯುವ ಜಾಗದಲ್ಲಿ ಸೈನ್ಯದ ದುಡ್ಡು ಶುರುವಾಗಿರುವುದಿಲ್ಲ. ನಡುವಿನ ಹಳ್ಳಕ್ಕೆ ಬಿದ್ದದ್ದು ಮೇಲೆ ಬರುವುದಿಲ್ಲ.

ಬೆಣ್ಣೆ ದೋಸೆ:
ನಾನು ಹೇಳಿದ್ದನ್ನೇ ನೀವು ಉದ್ದಕ್ಕೆ ಹೇಳಿದ್ರಿ ಅಲ್ವಾ ತಮ್ಮಣ್ಣ?

ಟೆಂಡರ್ ತಮ್ಮಣ್ಣ:
ಇಲ್ಲಪ್ಪ. ನೀವು ಎಲ್ಲ ನಾಟಕ ಅಂದಿರಿ. ಚಿಕ್ಕ ಲೇಸರ್ ಈಗಾಗಲೇ ದಾಟಿದೆ. 2020ರ ಆಗಸ್ಟ್ 15ಕ್ಕೆ ಕೆಂಪು ಕೋಟೆ ಹತ್ತಿರ ಡಿಆರ್‌ಡಿಒದ ಡ್ರೋನ್ ತಡೆ ವ್ಯವಸ್ಥೆ ಇತ್ತು, ಅದರಲ್ಲಿ ಸಿಗ್ನಲ್ ಕೆಡಿಸುವ ಜಾಮರ್ ಜೊತೆ ಲೇಸರ್ ಕೂಡ ಇತ್ತು. ಮುಂದಿನ ವರ್ಷ ಅದೇ ವ್ಯವಸ್ಥೆಗೆ ನೌಕಾಪಡೆ ಸರ್ಕಾರಿ ಕಂಪನಿ ಬಿಇಎಲ್ ಜೊತೆ ಒಪ್ಪಂದವನ್ನೇ ಮಾಡಿಕೊಂಡಿತು. ಯಾಕೆ ಅಷ್ಟು ಬೇಗ ಆಯಿತು? ಆ ವರ್ಷ ಜೂನ್‌ನಲ್ಲಿ ಜಮ್ಮು ವಾಯುನೆಲೆಗೆ ಡ್ರೋನ್ ಬಂದು ಬಾಂಬ್ ಹಾಕಿತ್ತು. ತುರ್ತು ಇತ್ತು. ಜೊತೆಗೆ ರಾಡಾರ್, ಜಾಮರ್ ಎಲ್ಲ ಸೇರಿದ ಪೂರ್ತಿ ವ್ಯವಸ್ಥೆ ಸಿದ್ಧ ಇತ್ತು, ತಯಾರಿಸುವ ಕಾರ್ಖಾನೆಯೂ ಇತ್ತು.

ಮಸೂರ:
ಇಸ್ರೇಲಿನದ್ದೂ ಹೀಗೇ ಆಯಿತು. ಅವರು ಲೆಬನಾನ್ ಕಡೆಯ ಡ್ರೋನ್‌ಗಳ ಮೇಲೆ ಕಡಿಮೆ ಶಕ್ತಿಯ ಲೇಸರನ್ನು ಯುದ್ಧದ ನಡುವೆಯೇ ಬಳಸಿದರು. 100 ಕಿಲೋವ್ಯಾಟ್ ವರ್ಗದ ಐರನ್ ಬೀಮ್ ಸೈನ್ಯಕ್ಕೆ ಸಿಕ್ಕಿದ್ದು 2025ರ ಡಿಸೆಂಬರ್‌ನಲ್ಲಿ. ದೊಡ್ಡದಕ್ಕೆ ಕಾಯುತ್ತಾ ಕೂರಲಿಲ್ಲ.

ಉಲ್ಟಾ ಉದಾಹರಣೆ ಬೇಕಾದರೆ ಅಮೆರಿಕದ ಬೋಯಿಂಗ್ 747 ಲೇಸರ್ ನೋಡಿ. ಇಡೀ ವಿಮಾನದ ತುಂಬ ರಾಸಾಯನಿಕ ಲೇಸರ್. 2010ರ ಫೆಬ್ರುವರಿಯಲ್ಲಿ ಹಾರುವ ಕ್ಷಿಪಣಿಯನ್ನೇ ಹೊಡೆಯಿತು. ಮರುವರ್ಷ ಯೋಜನೆ ಮುಚ್ಚಿದರು. ಕ್ಷಿಪಣಿ ಹೊಡೆಯಲು ಅಷ್ಟು ದೊಡ್ಡ ವಿಮಾನ ಶತ್ರು ದೇಶದ ಪಕ್ಕದಲ್ಲೇ ಸುತ್ತುತ್ತಾ ಇರಬೇಕಿತ್ತು. ಗುರಿ ಬಿತ್ತು, ಆಯುಧ ಆಗಲಿಲ್ಲ.

ಚಳ್ಳಕೆರೆ ಗಾಳಿ:
ಮೈಕ್ರೋವೇವ್ ಆಯುಧ ಅಂತಾರಲ್ಲ, ಅದು ಇದಕ್ಕಿಂತ ಸುಲಭವಾ?

ಮಸೂರ:
ಬೇರೆ ಕೆಲಸಕ್ಕೆ ಒಳ್ಳೆಯದು. ಲೇಸರ್ ಒಂದೊಂದಾಗಿ ಸುಡುತ್ತದೆ. ಮೈಕ್ರೋವೇವ್ ಅಗಲವಾಗಿ ಹರಡಿ ಒಳಗಿನ ಎಲೆಕ್ಟ್ರಾನಿಕ್ಸ್ ಕೆಡಿಸುತ್ತದೆ, ಹಾಗಾಗಿ ಗುಂಪಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಧೂಳು ಮಂಜಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ದೂರ ಕಡಿಮೆ. ಪಕ್ಕದಲ್ಲಿರುವ ನಮ್ಮದೇ ರೇಡಿಯೋ, ರಾಡಾರ್ ಕೆಡದಂತೆ ನೋಡಿಕೊಳ್ಳಬೇಕು. ಕೆಟ್ಟ ಡ್ರೋನ್ ಬೆಂಕಿ ಹತ್ತಿ ಬೀಳುವುದಿಲ್ಲ, ಹಾಗಾಗಿ ನಿಜವಾಗಲೂ ಕೆಟ್ಟಿತಾ ಎಂದು ತಿಳಿಯುವುದೇ ಕಷ್ಟ. ಡಿಆರ್‌ಡಿಒ ಅದರ ಮೇಲೂ ಕೆಲಸ ಮಾಡುತ್ತಿದೆ ಎಂದು ಅಧ್ಯಕ್ಷರು ಕರ್ನೂಲು ಪರೀಕ್ಷೆಯ ನಂತರ ಹೇಳಿದ್ದರು.

ಎಲ್ ಎಪ್ಪತ್ತು:
ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 100 ಕಿಲೋವ್ಯಾಟ್ ಬರಲಿ, ಮಳೆಯಲ್ಲೂ ಹೊಡೆಯಲಿ, ಆಮೇಲೆ ಕೊಳ್ಳೋಣ ಎಂದು ಕೂತರೆ ಇನ್ನೊಂದು ಅರ್ಜುನ್ ಆಗುತ್ತದೆ. ಈಗಿರುವ 30ರದ್ದನ್ನೇ ಬೆರಳೆಣಿಕೆಯಷ್ಟು ಒಂದು ರೆಜಿಮೆಂಟ್‌ಗೆ ಕೊಡಿ. ತೋಪುಗಳ ಪಕ್ಕದಲ್ಲಿ ಇಡಿ, ತೋಪು ತೆಗೆಯಬೇಡಿ. ಮಂಜು ಬಿದ್ದ ದಿನ ತೋಪು ಹೊಡೆಯಲಿ, ತಿಳಿ ಇದ್ದ ದಿನ ಲೇಸರ್. ಹುಡುಗರು ಕೆಡಿಸಲಿ. ಏನು ಕೆಟ್ಟಿತು ಎಂದು ಪ್ರತಿ ವಾರ ಬರೆದು ಲೇಸರ್ ಕಟ್ಟಿದ ಹೈದರಾಬಾದಿನ ಡಿಆರ್‌ಡಿಒ ಲ್ಯಾಬ್‌ಗೆ ಕಳಿಸಲಿ. ಲ್ಯಾಬ್‌ನ ಇಬ್ಬರು ಎಂಜಿನಿಯರ್ ಒಂದು ಬೇಸಿಗೆ ಅಲ್ಲೇ ಟೆಂಟ್‌ನಲ್ಲಿ ಇರಲಿ.

ಟೆಂಡರ್ ತಮ್ಮಣ್ಣ:
ಸಾಹೇಬ್ರೇ, ಆಸೆ ಒಳ್ಳೆಯದೇ. ಆದರೆ ಬೆರಳೆಣಿಕೆಯ ಆರ್ಡರ್‌ಗೆ ಯಾವ ಸಪ್ಲೈಯರ್ ಬಂಡವಾಳ ಹಾಕುತ್ತಾನೆ? ಗಾಜು, ಫೈಬರ್, ಡಯೋಡ್ ಎಲ್ಲ ಒಂದೊಂದು ಕಂಪನಿ. ಮುಂದಿನ ಐದು ವರ್ಷ ಇಷ್ಟು ಬೇಕು ಎಂಬ ಮಾತು ಇಲ್ಲದೆ ಯಾರೂ ಸಾಲು ಕಟ್ಟುವುದಿಲ್ಲ. ನಾಲ್ಕು ಕೊಂಡರೆ ನಾಲ್ಕೂ ಕೈಯಲ್ಲಿ ಕಟ್ಟಿದ್ದು ಬರುತ್ತದೆ. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ.

ಎಲ್ ಎಪ್ಪತ್ತು:
ಕೂರದಿದ್ದರೆ ಅದನ್ನೂ ನಾಲ್ಕರಲ್ಲೇ ತಿಳಿಯಲಿ. ನಲವತ್ತು ಕೊಂಡು ತಿಳಿಯುವುದಕ್ಕಿಂತ ಅಗ್ಗ.

ಟೆಂಡರ್ ತಮ್ಮಣ್ಣ:
ನೀವು ಬಿಡುವುದಿಲ್ಲ, ನಾನೂ ಒಪ್ಪುವುದಿಲ್ಲ.

ಮೂರನೇ ಬೆಂಚು:
ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಎಲ್ಲ ಓದಿದೆ. ಲೇಸರ್ ಅಂದರೆ ಫಿಸಿಕ್ಸ್‌ನವರ ಕೆಲಸ, ನಮ್ಮಂಥವರಿಗೆ ಜಾಗ ಇಲ್ಲ ಅಂದುಕೊಂಡಿದ್ದೆ. ಇದೆಯಾ?

ಹರಿಹರದ ಲೇತು:
ತಮ್ಮಾ, 60 ಕಿಲೋವ್ಯಾಟ್ ಬಿಸಿ ಹೊರಗೆ ಹಾಕುವವನು ಯಾರು ಅಂದುಕೊಂಡಿದ್ದೀಯ? ಅದು ಪೂರ್ತಿ ಮೆಕ್ಯಾನಿಕಲ್ ಕೆಲಸ. ಹೀಟ್ ಟ್ರಾನ್ಸ್‌ಫರ್ ಸರಿಯಾಗಿ ಓದು, ಪಾಸ್ ಆಗಲು ಮಾತ್ರ ಓದಬೇಡ. ಕಂಪನ ಓದು. ರಜೆಯಲ್ಲಿ ಹರಿಹರಕ್ಕೆ ಬಾ, ಬಿಸಿ ಹೀರುವ ಕೋಲ್ಡ್ ಪ್ಲೇಟ್ ಹೇಗೆ ಮಿಲ್ಲಿಂಗ್ ಮಾಡುತ್ತಾರೆ, ನೀರು ಸೋರುವುದನ್ನು ಹೇಗೆ ಟೆಸ್ಟ್ ಮಾಡುತ್ತಾರೆ ತೋರಿಸುತ್ತೇನೆ. ಬರುವಾಗ ಮೆಸೇಜ್ ಹಾಕು. ಸೋಮವಾರ ಬೇಡ, ಅವತ್ತು ಶೆಡ್ ರಜೆ.